ಅಪ್‌ಡೇಟ್: ಗ್ರೀನ್ ಕಾರ್ಡ್ ಇರುವ ನನ್ನ ತಮ್ಮ ಅಮೆರಿಕದ ಸೇನೆಗೆ ಸೇರಿದ

ಪೌರತ್ವ ಇಲ್ಲದ ನನ್ನ ತಮ್ಮ ಅಮೆರಿಕದ ಸೇನೆಗೆ ಸೇರಬಹುದಾ ಎಂದು ಹೋದ ವರ್ಷ ಕೇಳಿದ್ದೆ. ಉತ್ತರ ಬರೆದ ಎಲ್ಲರಿಗೂ ಥ್ಯಾಂಕ್ಸ್. ಅವನು ಸೇರಿದ, ಬೇಸಿಕ್ ಟ್ರೇನಿಂಗೂ ಮುಗಿಸಿದ.

ಗ್ರೀನ್ ಕಾರ್ಡ್ ಇದ್ದರೆ ಸಾಕು ಎಂದವರ ಮಾತೇ ಸರಿ. ವೀಸಾದಲ್ಲಿ ಇರುವವರನ್ನೂ ತೆಗೆದುಕೊಳ್ಳುತ್ತಾರೆ ಎಂದು ಒಬ್ಬರು ಬರೆದಿದ್ದರು. ಅದು ಮಾವ್ನಿ ಎಂಬ ಯೋಜನೆ. 2016ರಿಂದ ಅದರಲ್ಲಿ ಹೊಸಬರಿಗೆ ಅವಕಾಶವಿಲ್ಲ.

ಈಗ ಪೌರತ್ವದ ಅರ್ಜಿ ಹಾಕಿದ್ದಾನೆ. ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಸಿಕ್ಕಮೇಲೆ 5 ವರ್ಷ ಕಾಯಬೇಕು, ಸೈನಿಕರು ಅಷ್ಟು ಕಾಯಬೇಕಾಗಿಲ್ಲ. ಅವರ ಪೌರತ್ವದ ಅರ್ಜಿಗೆ (ಎನ್-400 ಫಾರ್ಮ್) ಶುಲ್ಕವೂ ಇಲ್ಲ. ಆದರೆ ಸೇವೆ ಗೌರವಯುತವಾಗಿದೆ ಎಂದು ಎನ್-426 ಫಾರ್ಮಿನಲ್ಲಿ ಸೇನೆಯೇ ದೃಢೀಕರಿಸಬೇಕು. ಆ ಒಂದು ಸಹಿಗಾಗಿ ತುಂಬಾ ಅಲೆದ. ಸೇರುವವರು ಇದನ್ನು ಮೊದಲ ದಿನದಿಂದಲೇ ಕೇಳುತ್ತಿರಿ. ಇನ್ನೊಂದು ವಿಷಯ: 5 ವರ್ಷ ಒಳ್ಳೆಯ ಸೇವೆ ಮುಗಿಯುವ ಮೊದಲೇ ಕೆಟ್ಟ ಹೆಸರಿನಿಂದ ಹೊರಬಿದ್ದರೆ, ಹೀಗೆ ಪಡೆದ ಪೌರತ್ವವನ್ನು ವಾಪಸ್ ಪಡೆಯಬಹುದು. ಪೌರತ್ವ ಬರುವವರೆಗೆ ಅಧಿಕಾರಿಯಾಗಲೂ ಆಗುವುದಿಲ್ಲ.

ಅಮ್ಮನಿಗೆ ಜಾಸ್ತಿ ನೋವಾಗಿದ್ದು ಬೇರೆಯದಕ್ಕೆ. ಅಲ್ಲಿನ ಪೌರತ್ವ ಬಂದ ದಿನವೇ ಭಾರತದ್ದು ಹೋಗುತ್ತದೆ. ಎರಡನ್ನೂ ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ.

ಈ ನಡುವೆ ಭಾರತದಿಂದ ಅಮೆರಿಕಕ್ಕೆ ಹೋಗಿದ್ದ ಭಗತ್ ಸಿಂಗ್ ಥಿಂಡ್ ಬಗ್ಗೆ ಓದಿದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸಮವಸ್ತ್ರ ತೊಟ್ಟವರು. ಆದರೂ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರಿಗೆ ಪೌರತ್ವ ನಿರಾಕರಿಸಿತು. ಕೊನೆಗೆ ಸಿಕ್ಕಿದ್ದು 1936ರಲ್ಲಿ. ಓದಿ ಕಣ್ಣು ತುಂಬಿ ಬಂತು.

ತಮ್ಮನ ಪೌರತ್ವದ ಸಂದರ್ಶನ ಇನ್ನೂ ಬಾಕಿ ಇದೆ. ಆದಮೇಲೆ ಮತ್ತೆ ಬರೆಯುತ್ತೇನೆ.