ಕಡಿಮೆ ಖರ್ಚಿನಲ್ಲಿ ರಾತ್ರಿ ಊಟ, ಜೊತೆಗೊಂದು ಪಲ್ಯ: ಏನು ಮಾಡ್ತೀರಿ?

ಪ್ರಶ್ನೆ:
ಮನೆಯಲ್ಲಿ ನಾಲ್ಕು ಜನ. ನಾನು ಕೆಲಸ ಮುಗಿಸಿ ಬರುವಾಗ ಏಳು ಗಂಟೆ ಆಗಿರುತ್ತದೆ. ಸುಸ್ತಾಗಿ ಹೊರಗಿಂದ ತರಿಸುವುದು ಜಾಸ್ತಿಯಾಗಿದೆ. ದುಡ್ಡೂ ಖರ್ಚು, ಮಕ್ಕಳ ಹೊಟ್ಟೆಗೂ ಒಳ್ಳೆಯದಲ್ಲ. ಕೋಸು ಕಂಡರೆ ಇಬ್ಬರೂ ಮೂಗು ಮುಚ್ಚುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಆಗುವಂಥದ್ದು ಏನಾದರೂ ಇದ್ದರೆ ಹೇಳಿ.

ಉತ್ತರ 1:
ಇವತ್ತು ಮಲಗುವ ಮುಂಚೆ ಎರಡು ಲೋಟ ಕಾಬೂಲಿ ಕಡಲೆ ನೆನೆಹಾಕಿ. ನನ್ನ ಪ್ರಕಾರ ನಾಳೆಯ ಅರ್ಧ ಅಡುಗೆ ಅಲ್ಲಿಗೇ ಮುಗಿಯಿತು. ಒಂದು ಲೋಟ ಒಣ ಕಾಳು ನೆಂದು ಬೆಂದರೆ ಹತ್ತಿರ ಹತ್ತಿರ ಮೂರು ಲೋಟ ಆಗುತ್ತದೆ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಹೊಟ್ಟೆ ತುಂಬಿಸುವ ಪದಾರ್ಥ ಬೇರೆ ಹುಡುಕುವುದು ಕಷ್ಟ.

ಬೇಯಿಸುವಾಗ ಎಲ್ಲವನ್ನೂ ಒಟ್ಟಿಗೇ ಬೇಯಿಸಿಬಿಡಿ. ಅರ್ಧ ಅವತ್ತಿಗೆ, ಉಳಿದರ್ಧ ಆರಿದ ಮೇಲೆ ಫ್ರಿಜ್‌ಗೆ. ಮೂರು ದಿನ ಏನೂ ಆಗುವುದಿಲ್ಲ. ಮೊದಲ ದಿನ ಈರುಳ್ಳಿ, ಬೆಳ್ಳುಳ್ಳಿ ಹುರಿದು, ಟೊಮೆಟೊ ಹಾಕಿ, ಒಂದು ಹಿಡಿ ಕಾಳನ್ನು ಸೌಟಿನ ಹಿಂಬದಿಯಲ್ಲಿ ಜಜ್ಜಿ ಸೇರಿಸಿ. ರಸ ತಾನಾಗಿಯೇ ಗಟ್ಟಿಯಾಗುತ್ತದೆ, ಕ್ರೀಮ್ ಏನೂ ಬೇಡ. ಇನ್ನೊಂದು ದಿನ ಅದೇ ಕಾಳಿಗೆ ಹಸಿ ಈರುಳ್ಳಿ, ತುರಿದ ಕ್ಯಾರೆಟ್ ಕಲಸಿ ನಿಂಬೆರಸ ಹಿಂಡಿ. ಒಂದು ಮಾತು, ಕಾಳು ಮೆತ್ತಗಾಗುವ ಮುಂಚೆ ಟೊಮೆಟೊ ಹಾಕಬೇಡಿ. ಹುಳಿ ಸೇರಿದರೆ ಬೇಯಲು ತಡವಾಗುತ್ತದೆ, ಗ್ಯಾಸೂ ದಂಡ.

ಇನ್ನು ಕೋಸಿನ ವಿಷಯ. ಮಕ್ಕಳು ಮೂಗು ಮುಚ್ಚುವುದು ವಾಸನೆಗೆ ಅಲ್ವಾ? ಕೋಸು ಜಾಸ್ತಿ ಬೆಂದಷ್ಟೂ ಆ ಗಂಧಕದ ವಾಸನೆ ಜಾಸ್ತಿ. ಹಾಗಾಗಿ ಎಳೆ ಎಳೆಯಾಗಿ ಹೆಚ್ಚಿಕೊಳ್ಳಿ. ಅಗಲವಾದ ಬಾಣಲೆ ಚೆನ್ನಾಗಿ ಕಾಯಲಿ. ಎರಡು ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಆಮೇಲೆ ಕೋಸು. ಉರಿ ಜೋರಾಗಿರಲಿ, ಮುಚ್ಚಳ ಬೇಡ, ಕೈ ಬಿಡದೆ ತಿರುವಿ. ಅಂಚು ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿ, ನಡುವೆ ಇನ್ನೂ ಕರುಂ ಅನ್ನುವಾಗ ಇಳಿಸಿ. ಐದಾರು ನಿಮಿಷ ಸಾಕು. ಉಪ್ಪು ಕೊನೆಗೆ. ಮೊದಲೇ ಹಾಕಿದರೆ ನೀರು ಬಿಟ್ಟು ಹುರಿಯುವ ಬದಲು ಬೇಯುತ್ತದೆ. ಹೀಗೆ ಮಾಡಿದ ಕೋಸನ್ನು ಮಕ್ಕಳು ಎರಡನೇ ಸಲ ಹಾಕಿಸಿಕೊಳ್ಳುವುದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ಕೋಸು, ಕ್ಯಾರೆಟ್ ವಾರಗಟ್ಟಲೆ ಇರುತ್ತವೆ. ಸೊಪ್ಪು ಹಾಗಲ್ಲ, ತಂದ ಒಂದೆರಡು ದಿನದಲ್ಲೇ ಮುಗಿಸಿ. ಎಸೆಯುವ ತರಕಾರಿಯಷ್ಟು ದುಬಾರಿ ಯಾವುದೂ ಇಲ್ಲ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಾತ್ರಿ ಅರ್ಧ ತಟ್ಟೆ ತರಕಾರಿ ಇದ್ದರೆ ಆ ಲೆಕ್ಕ ಅಷ್ಟು ಕಷ್ಟವಲ್ಲ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ರಾಜ್ಮಾ ಮಾಡುವವರಿಗೆ ಒಂದು ಎಚ್ಚರಿಕೆ. ಅರೆಬೆಂದ ರಾಜ್ಮಾದಲ್ಲಿ ವಿಷದ ಅಂಶ ಇರುತ್ತದೆ, ವಾಂತಿ ಭೇದಿ ಆಗುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವ ತನಕ ಬೇಯಿಸಿ. ಸಣ್ಣ ಉರಿಯಲ್ಲೇ ಇಡೀ ದಿನ ಬೇಯಿಸುವ ಪಾತ್ರೆಗೆ ಹಸಿ ರಾಜ್ಮಾ ನೇರವಾಗಿ ಹಾಕಲೇಬೇಡಿ.

ಪ್ರಶ್ನೆ ಕೇಳಿದವರು:
ಕಾಬೂಲಿ ಕಡಲೆ ಈಗಲೇ ನೆನೆಹಾಕಿದೆ ಅಕ್ಕಾ. ನೆನೆಹಾಕಲು ಮರೆತ ದಿನ ಏನು ಮಾಡುವುದು? ಅನ್ನ ಉಳಿದರೆ ಮಾರನೇ ದಿನ ಬಳಸಬಹುದಾ?

ಉತ್ತರ 1:
ಮರೆತ ದಿನಕ್ಕೆ ಕೆಂಪು ಮಸೂರ್ ಬೇಳೆ ಇದೆ. ನೆನೆಸುವ ಕೆಲಸವೇ ಇಲ್ಲ, ಇಪ್ಪತ್ತು ನಿಮಿಷದಲ್ಲಿ ಕರಗಿದಂತೆ ಬೇಯುತ್ತದೆ. ಇಳಿಸುವ ಮುಂಚೆ ಪಾಲಕ್ ಹೆಚ್ಚಿ ಹಾಕಿ, ಇಳಿಸಿದ ಮೇಲೆ ನಿಂಬೆ ಹಿಂಡಿ. ಬೇಳೆಯಲ್ಲಿರುವ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತಲು ನಿಂಬೆಯ ವಿಟಮಿನ್ ಸಿ ನೆರವಾಗುತ್ತದೆ. ಊಟ ಆದ ಕೂಡಲೇ ಟೀ ಕುಡಿಯುವ ಅಭ್ಯಾಸ ಇದ್ದರೆ ಸ್ವಲ್ಪ ತಡ ಮಾಡಿ, ಟೀ ಆ ಕಬ್ಬಿಣವನ್ನು ತಡೆಯುತ್ತದೆ.

ಮೊಟ್ಟೆ ತಿನ್ನುವವರಾದರೆ ಇನ್ನೂ ಸುಲಭ. ಈರುಳ್ಳಿ ಟೊಮೆಟೊ ಗೊಜ್ಜು ಕುದಿಯುವಾಗ ಅದರಲ್ಲೇ ಗುಂಡಿ ಮಾಡಿ ಮೊಟ್ಟೆ ಒಡೆದು ಹಾಕಿ, ಮುಚ್ಚಿಡಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ.

ಅನ್ನ ಧಾರಾಳವಾಗಿ ಬಳಸಿ, ಆದರೆ ರಾತ್ರಿಯೆಲ್ಲ ಹೊರಗೆ ಬಿಟ್ಟದ್ದನ್ನು ಬೇಡ. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮಾರನೇ ದಿನ ಬಟಾಣಿ, ಕ್ಯಾರೆಟ್, ಉಳಿದ ಕೋಸು ಹಾಕಿ ಹುರಿದರೆ ಅದೇ ಒಂದು ಊಟ.