ಎನ್‌ಎಸ್‌ಎಸ್ ಹುಡುಗ್ರು ಹೋದ್ಮೇಲೆ ಸಂಸ್ಥೇಲಿ ಏನು ಉಳೀತು, ಅಳೆಯೋದು ಹೇಗೆ?

ಸಂಜೆ_ಪಾಠ: ಕೆ.ಆರ್. ಪುರಂ ಹತ್ರ ನಮ್ದೊಂದು ಚಿಕ್ಕ ಸಂಸ್ಥೆ, ಸಂಜೆ ಮಕ್ಕಳಿಗೆ ಟ್ಯೂಷನ್. ಎನ್‌ಎಸ್‌ಎಸ್ ಹುಡುಗ್ರು ಬಂದು ಚೆನ್ನಾಗೇ ಕೆಲ್ಸ ಮಾಡಿದ್ರು, ಈಗ ಫಂಡ್ ಕೊಡೋರು ಇದ್ರಿಂದ ನಿಮ್ಮ ಕೆಪ್ಯಾಸಿಟಿ, ಅಂದ್ರೆ ನೀವೇ ಕೆಲ್ಸ ನಡೆಸ್ಕೊಂಡ್ ಹೋಗೋ ಶಕ್ತಿ, ಎಷ್ಟು ಜಾಸ್ತಿ ಆಯ್ತು ಅಂತ ಕೇಳ್ತಿದಾರೆ, ನನ್ ಹತ್ರ ಇರೋದು ಹಾಜರಿ ಪುಸ್ತಕ, ಒಂದಷ್ಟು ಗ್ರೂಪ್ ಫೋಟೋ ಅಷ್ಟೇ. ಏನ್ ತೋರಿಸ್ಲಿ?

ಫಿಲ್ಟರ್_ಕಾಫಿ: ಗಂಟೆ ಲೆಕ್ಕ ಬಿಡಿ ಮೇಡಂ. 2 ವರ್ಷಕ್ಕೆ 240 ಗಂಟೆ ಅನ್ನೋದು ಹುಡುಗ್ರ ಸರ್ಟಿಫಿಕೇಟ್‌ಗೆ. ಅಮೆರಿಕದಲ್ಲಿ 1965ರಿಂದ ವಿಸ್ಟಾ ಅಂತ ಒಂದು ಸರ್ಕಾರಿ ವಾಲಂಟಿಯರ್ ಯೋಜನೆ ಇದೆ, ಅಲ್ಲಿ ವಾಲಂಟಿಯರ್‌ಗಳ ಮುಖ್ಯ ಕೆಲ್ಸ ಪಾಠ ಹೇಳೋದಲ್ಲ, ಪಾಠ ಹೇಳೋರನ್ನ ಹುಡುಕೋದು, ದುಡ್ಡು ಎತ್ತೋದು, ವ್ಯವಸ್ಥೆ ಕಟ್ಟೋದು. ನಿಮ್ಮ ಹುಡುಗ್ರು ಹೋಗಿ ಆರು ತಿಂಗ್ಳಾದ್ಮೇಲೂ ಏನು ನಡೀತಿದೆ, ಅದನ್ನ ನೋಡಿ.

ಮಲ್ಲೇಶ್ವರದವ್ನು: ನಿಜ. ನಮ್ಮಲ್ಲೊಬ್ಬ ದಾನಿಗಳ ಲೆಕ್ಕಾನೆಲ್ಲ ಎಕ್ಸೆಲ್‌ಗೆ ಹಾಕ್ದ, ಪಾಸ್‌ವರ್ಡ್ ಅವನ ಹತ್ರಾನೇ, ಪರೀಕ್ಷೆ ಮುಗಿಸಿ ಊರಿಗೆ ಹೋದ, ನಾವು ವಾಪಸ್ ಕೆಂಪು ರಟ್ಟಿನ ಪುಸ್ತಕಕ್ಕೆ. ಇನ್ನೊಬ್ಳು ಹೊಸ ಟೀಚರ್ ಬಂದ್ರೆ ಮೊದಲ ದಿನ ಏನೇನ್ ಮಾಡ್ಬೇಕು ಅಂತ ಒಂದೇ ಹಾಳೇಲಿ ಬರೆದು ಬೀರು ಬಾಗಿಲಿಗೆ ಅಂಟಿಸಿ ಹೋದ್ಲು, ಈಗ್ಲೂ ಅದನ್ನೇ ನೋಡ್ಕೊಂಡ್ ಮಾಡ್ತೀವಿ. ಫೋಟೋ ಬದ್ಲು ಅಂಥಾ ಹಾಳೆ ಇದ್ರೆ ಕಳಿಸಿ ಅಂತೀನಿ ನಾನು.

ಸಂಜೆ_ಪಾಠ: ಅಯ್ಯೋ, ನಮ್ದೂ ಪಾಸ್‌ವರ್ಡ್ ಕಥೆನೇ! ಇವತ್ತೇ ಆ ಹುಡುಗನಿಗೆ ಫೋನ್ ಮಾಡ್ತೀನಿ.