ಮರಗೆಲಸದ ಕೋಣೆಯ ಒಂದೂವರೆ ಟನ್ ಸ್ಪ್ಲಿಟ್ ಎಸಿ: ಇಪ್ಪತ್ತು ನಿಮಿಷಕ್ಕೊಮ್ಮೆ ತಾನೇ ನಿಲ್ಲುತ್ತದೆ, ಕೆಳಗೆ ನೀರು ಸುರಿಯುತ್ತದೆ

ಉಳಿಬಾಚಿ, ರಾಯಚೂರು

ಮಾನ್ಯರೇ, ಮನೆಯ ಹಿಂದಿರುವ ನನ್ನ ಮರಗೆಲಸದ ಕೋಣೆಗೆ ಏಪ್ರಿಲ್ ಮೊದಲ ವಾರದಲ್ಲಿ ಒಂದೂವರೆ ಟನ್ನಿನ ಹೊಸ ಇನ್ವರ್ಟರ್ ಸ್ಪ್ಲಿಟ್ ಎಸಿ ಹಾಕಿಸಿದೆ. ಮೊದಲ ಹತ್ತು ದಿನ ಯಾವ ತಕರಾರೂ ಇರಲಿಲ್ಲ. ಈಗ ಕೆಲಸ ಶುರುವಾಗಿ ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಗಾಳಿಯ ರಭಸ ಕುಗ್ಗುತ್ತದೆ, ಹೊರಗಿನ ಯೂನಿಟ್ ತಾನಾಗಿಯೇ ನಿಲ್ಲುತ್ತದೆ, ಒಳಗಿನ ಯೂನಿಟ್‌ನಿಂದ ಸರಿಯಾಗಿ ಟೇಬಲ್ ಸಾ (ಮೇಜಿನ ಗರಗಸ) ಮೇಲೆಯೇ ನೀರು ಸುರಿಯುತ್ತದೆ. ಸ್ವಲ್ಪ ಹೊತ್ತಿನ ಬಳಿಕ ಯಂತ್ರ ಮತ್ತೆ ಚಾಲೂ ಆಗುತ್ತದೆ, ಇಪ್ಪತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ. ರಿಮೋಟಿನಲ್ಲಿ 18 ಇಟ್ಟರೂ ಕೋಣೆ 31 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ಹಾಕಿಕೊಟ್ಟವರನ್ನು ಕರೆಸಿದರೆ ‘ನಿಮ್ಮ ಊರಿನ ಬಿಸಿಲೇ ಹಾಗೆ’ ಎಂದು ಹೇಳಿ ಹೋದರು. ಫಿಲ್ಟರನ್ನು ಪ್ರತಿದಿನ ತೊಳೆಯುತ್ತೇನೆ, ಆದ್ದರಿಂದ ದಯವಿಟ್ಟು ಯಾರೂ ಅದನ್ನು ಹೇಳಬೇಡಿ. ಇದು ಯಂತ್ರದ ದೋಷವೋ ಅಳವಡಿಕೆಯ ದೋಷವೋ, ಅಷ್ಟನ್ನು ತಿಳಿಸಿದರೆ ಸಾಕು.

ತಂಪುಗಾಳಿ, ಹುಬ್ಬಳ್ಳಿ

ಗ್ಯಾಸ್ ಕಡಿಮೆಯಾಗಿದೆ, ಬೇರೇನೂ ಅಲ್ಲ. ಹತ್ತು ದಿನ ಚೆನ್ನಾಗಿ ನಡೆದು ಆಮೇಲೆ ಕೆಟ್ಟಿತೆಂದರೆ ಎಲ್ಲೋ ಪೈಪ್ ಜೋಡಿಸುವ ಒಂದು ಫ್ಲೇರ್ ನಟ್ ಸಡಿಲವಾಗಿ ನಿಧಾನವಾಗಿ ಸೋರುತ್ತಿದೆ ಎಂದೇ ಅರ್ಥ. ಪೈಪಿನ ಗಾಳಿಯನ್ನು ಹೀರಿ ತೆಗೆಯಲು ವ್ಯಾಕ್ಯೂಮ್ ಪಂಪ್ ಹಚ್ಚಿದ್ದರೋ, ಇಲ್ಲವೇ ಯಂತ್ರದಲ್ಲಿದ್ದ ಗ್ಯಾಸನ್ನೇ ಸ್ವಲ್ಪ ಬಿಟ್ಟು ಪೈಪಿನ ಗಾಳಿಯನ್ನು ಹೊರದಬ್ಬಿ ಕೈತೊಳೆದುಕೊಂಡರೋ? ಪೈಪ್ ಎಷ್ಟು ಉದ್ದವಿದೆ?

ಉಳಿಬಾಚಿ, ರಾಯಚೂರು

ಪಂಪ್ ಹಚ್ಚಿದ್ದನ್ನು ನಾನು ನೋಡಲಿಲ್ಲ. ಪೆಟ್ಟಿಗೆಯಲ್ಲಿ ಬಂದ 3 ಮೀಟರ್ ತಾಮ್ರದ ಪೈಪಿಗೆ ಇನ್ನೂ 4 ಮೀಟರ್ ಸೇರಿಸಿ ಬೆಸೆದಿದ್ದಾರೆ. ಮೇಲೆ ತಗಡಿನ ಶೀಟು ಇದೆ ಎಂಬುದನ್ನು ಹೇಳುವುದು ಮರೆತಿದ್ದೆ, ಆದರೆ ಶೆಡ್ ಎಂದರೆ ಶೀಟು ಇದ್ದೇ ಇರುತ್ತದಲ್ಲವೇ?

ಕರಾವಳಿ ಕೆತ್ತನೆ, ಮಂಗಳೂರು

ಶೀಟಿನ ಕೆಳಗೆ ಒಂದೂವರೆ ಟನ್ ಎಲ್ಲಿಗೆ ಸಾಲುತ್ತದೆ? ನನ್ನ ಕಾರ್ಯಾಗಾರ ನಿಮ್ಮದರಷ್ಟೇ ಇದ್ದೀತು. ಮೇಲೆ ಹೆಂಚು, ಅದರ ಕೆಳಗೆ ಮರದ ಹಲಗೆಯ ಮುಚ್ಚಿಗೆ, ನಡುವೆ ಗಾಜಿನ ಉಣ್ಣೆ. ಇಷ್ಟಾದರೂ 2 ಟನ್ ಹಾಕಿಸಿದ್ದೇನೆ, ಮಳೆಗಾಲಕ್ಕೆಂದು ತೇವ ಹೀರುವ ಯಂತ್ರವನ್ನು ಬೇರೆ ಇಟ್ಟಿದ್ದೇನೆ. ಹಲಗೆಯ ತೇವಾಂಶ ವರ್ಷವಿಡೀ ಶೇ. 12ರ ಆಸುಪಾಸಿನಲ್ಲೇ ಇರುತ್ತದೆ. ಕಳೆದ ಜೂನ್‌ನಲ್ಲಿ ಮಾಡಿದ ಹಲಸಿನ ಮರದ ಪೆಟ್ಟಿಗೆಯ ಮುಚ್ಚಳ ಇಂದಿಗೂ ಕೂದಲೆಳೆಯಷ್ಟೂ ಅಲುಗಿಲ್ಲ. ಚಿತ್ರಗಳನ್ನು ಬೇಕಾದರೆ ಹಾಕುತ್ತೇನೆ.

ಹಳೆಯ ಗೇಜು, ಮೈಸೂರು

ಟನ್ ಸಾಲದಿದ್ದರೆ ಕೋಣೆ ತಂಪಾಗುವುದಿಲ್ಲ, ನಿಜ. ಆದರೆ ಟನ್ ಸಾಲದ ಯಂತ್ರ ಎಡೆಬಿಡದೆ ಓಡುತ್ತದೆಯೇ ಹೊರತು ನಡುನಡುವೆ ನಿಂತು ನೀರು ಸುರಿಸುವುದಿಲ್ಲ. ಇವು ಎರಡು ಬೇರೆ ಬೇರೆ ರೋಗಗಳಿರಬಹುದು, ಒಂದರ ಮದ್ದನ್ನು ಇನ್ನೊಂದಕ್ಕೆ ಕುಡಿಸಬೇಡಿ. ಹೊರಗಿನ ಯೂನಿಟ್ ನಿಲ್ಲುವ ಮೊದಲು ಒಳಗಿನ ಯೂನಿಟ್‌ನ ಮುಂಬಾಗಿಲನ್ನು ಎತ್ತಿ, ಕಾಯಿಲ್ (ಗ್ಯಾಸ್ ಹರಿಯುವ ತಣ್ಣನೆಯ ಕೊಳವೆಗಳ ಸಾಲು) ಮೇಲೆ ಮಂಜು ಕಟ್ಟಿದೆಯೇ ಎಂದು ಟಾರ್ಚ್ ಹಾಕಿ ನೋಡಿ ತಿಳಿಸಿ.

ತಂಪುಗಾಳಿ, ಹುಬ್ಬಳ್ಳಿ

ಮಂಜು ಕಟ್ಟಿದ್ದರೆ ಗ್ಯಾಸ್ ಕಡಿಮೆ ಎಂಬುದು ಖಚಿತವಾಯಿತಲ್ಲ, ಇನ್ನು ಟಾರ್ಚ್ ಏಕೆ? ಒತ್ತಡ ಅಳೆಯುವ ಗೇಜ್ ಹಚ್ಚಿಸಿ ಗ್ಯಾಸ್ ತುಂಬಿಸಿಕೊಳ್ಳಿ.

ಉಳಿಬಾಚಿ, ರಾಯಚೂರು

ಹೌದು, ಮಂಜು ಕಟ್ಟಿತ್ತು. ಹುಬ್ಬಳ್ಳಿಯವರ ಮಾತಿನಂತೆ ನಿನ್ನೆ ಬೇರೊಬ್ಬ ಮೆಕ್ಯಾನಿಕ್ ಬಂದು ಗೇಜ್ ಹಚ್ಚಿದರು. 85 ಪಿಎಸ್‌ಐ (ಒತ್ತಡದ ಅಳತೆ) ತೋರಿಸಿತು. ಕಡಿಮೆಯಿದೆ ಎಂದು ಗ್ಯಾಸ್ ಹಾಕಿದರು, ಸ್ವಲ್ಪ ಏರಿ ಮತ್ತೆ ಇಳಿಯಿತು, ಮತ್ತೆ ಹಾಕಿದರು. ಎಷ್ಟು ಹಾಕಿದರೆಂದು ತೂಕ ಮಾಡಲಿಲ್ಲ. ಇಂದು ಬೆಳಿಗ್ಗೆ ಹಿಂದಿನಂತೆಯೇ ಮಂಜು ಕಟ್ಟಿತು, ಮಧ್ಯಾಹ್ನ ಎರಡು ಗಂಟೆಗೆ ಹೊರಗಿನ ಯೂನಿಟ್ ನಿಂತುಹೋಗಿ ಐದು ಗಂಟೆಯವರೆಗೂ ಚಾಲೂ ಆಗಲೇ ಇಲ್ಲ. ದುಡ್ಡು ಕೊಟ್ಟು ಹೊಸದೊಂದು ರೋಗವನ್ನು ಕೊಂಡುಕೊಂಡಂತಾಗಿದೆ.

ತಂಪುಗಾಳಿ, ಹುಬ್ಬಳ್ಳಿ

ಹಾಗಾದರೆ ಇನ್ನೂ ಸೋರುತ್ತಿದೆ. ಬೆಸುಗೆ ಹಾಕಿದ ಜಾಗಕ್ಕೆ ಸೋಪಿನ ನೊರೆ ಹಚ್ಚಿ ನೋಡಿ. ಅಂದಹಾಗೆ, ಇದು ಆರ್-32 ಗ್ಯಾಸಿನ ಯಂತ್ರವಾಗಿದ್ದರೆ ಗ್ರೈಂಡರ್ ಕಿಡಿ ಹಾರುವ ಕೋಣೆಯಲ್ಲಿ ಹಾಕಿಸಿದ್ದೇ ತಪ್ಪು, ಅದು ಹೊತ್ತಿಕೊಳ್ಳುವ ಗ್ಯಾಸ್. ನಮ್ಮ ಕಾಲದ ಆರ್-22 ಎಷ್ಟೋ ವಾಸಿ.

ಲೆಕ್ಕ ಪಕ್ಕಾ, ಬೆಂಗಳೂರು

ನೀವು ವಾಸಿ ಎನ್ನುವ ಆರ್-22 ಓಝೋನ್ ಪದರಕ್ಕೆ ಹಾನಿ ಮಾಡುವ ಗ್ಯಾಸ್. ಆರ್-32 ಸುಲಭವಾಗಿ ಹೊತ್ತಿಕೊಳ್ಳುವಂಥದ್ದಲ್ಲ, ಗಾಳಿಯಲ್ಲಿ ಶೇ. 14ರಷ್ಟು ಬೆರೆಯಬೇಕು. ಇವರ ಕೋಣೆ 20 ಅಡಿಗೆ 12 ಅಡಿ, ಎತ್ತರ 10 ಅಡಿ ಎಂದುಕೊಂಡರೆ ಸುಮಾರು 68 ಘನ ಮೀಟರ್. ಆ ಮಟ್ಟ ಮುಟ್ಟಲು ಕೋಣೆಯ ತುಂಬ ಸುಮಾರು 20 ಕಿಲೋ ಗ್ಯಾಸ್ ಸೋರಬೇಕು, ಯಂತ್ರದಲ್ಲಿ ಇರುವುದೇ ಒಂದು ಕಿಲೋದ ಆಸುಪಾಸು. ಆ ಕೋಣೆಯಲ್ಲಿ ಹೊತ್ತಿಕೊಳ್ಳುವ ಭಯ ಇದ್ದರೆ ಅದು ಗಾಳಿಯಲ್ಲಿ ತೇಲುವ ಮರದ ಪುಡಿಯದು.

ತಂಪುಗಾಳಿ, ಹುಬ್ಬಳ್ಳಿ

ಕಾಗದದ ಮೇಲೆ ಲೆಕ್ಕ ಮಾಡುವವರು ಒಮ್ಮೆ ಏಣಿ ಹತ್ತಿ ನೋಡಲಿ.

ಹಳೆಯ ಗೇಜು, ಮೈಸೂರು

ಜಗಳವನ್ನು ಬದಿಗಿಟ್ಟು ಸ್ವಲ್ಪ ಕೇಳಿ. ಆರ್-22 ಕಾಲದ ಮೆಕ್ಯಾನಿಕ್‌ಗಳಿಗೆ 60ರಿಂದ 70 ಪಿಎಸ್‌ಐ ಎಂಬುದು ಕಂಠಪಾಠವಾಗಿತ್ತು. ಆರ್-32ರಲ್ಲಿ ಕಾಯಿಲ್ 5 ಡಿಗ್ರಿಯಲ್ಲಿರಬೇಕಾದರೆ ಗೇಜಿನಲ್ಲಿ 120 ದಾಟಿರಬೇಕು. 85 ಎಂದರೆ ಕಾಯಿಲ್ ಮೈನಸ್ 5ರ ಹತ್ತಿರ ಇದೆ, ಮಂಜು ಕಟ್ಟಲೇಬೇಕು. ಇಲ್ಲಿಯವರೆಗೆ ಹುಬ್ಬಳ್ಳಿಯವರ ಮಾತು ಸರಿ. ಆದರೆ ಒತ್ತಡ ಇಳಿಯಲು ಗ್ಯಾಸಿನ ಕೊರತೆಯೊಂದೇ ಕಾರಣವಲ್ಲ. ಕಾಯಿಲ್ ಮೇಲೆ ಸಾಕಷ್ಟು ಗಾಳಿ ಹಾಯದಿದ್ದರೂ, ಒಳಗಿನ ದ್ರವಕ್ಕೆ ಕುದಿಯಲು ಬೇಕಾದ ಶಾಖ ಸಿಗದೆ ಒತ್ತಡ ಹೀಗೆಯೇ ಇಳಿಯುತ್ತದೆ. ಗೇಜಿನ ಮುಳ್ಳು ಎರಡೂ ಸಂದರ್ಭಗಳಲ್ಲಿ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಅಲ್ಲದೆ ಇನ್ವರ್ಟರ್ ಯಂತ್ರದಲ್ಲಿ ಕಂಪ್ರೆಸರಿನ ವೇಗ ಬದಲಾದಂತೆ ಮುಳ್ಳೂ ಅಲೆಯುತ್ತದೆ. ಅದನ್ನು ನೋಡಿ ಗ್ಯಾಸ್ ತುಂಬುವುದೆಂದರೆ ಬಸ್ಸಿನಲ್ಲಿ ಕುಳಿತು ತಕ್ಕಡಿ ಹಿಡಿದಂತೆ.

ಭೇದ ತಿಳಿಯುವ ದಾರಿ ಬೇರೆಯೇ ಇದೆ. ಗ್ಯಾಸ್ ಕಡಿಮೆಯಿದ್ದರೆ ಮಂಜು ಸಣ್ಣ ಪೈಪಿನ ಕಡೆಯಿಂದ ಶುರುವಾಗಿ ಕಾಯಿಲಿನ ಒಂದು ಭಾಗದಲ್ಲಷ್ಟೇ ಕಟ್ಟುತ್ತದೆ, ಉಳಿದ ಭಾಗ ಒಣಗಿ ಬೆಚ್ಚಗಿರುತ್ತದೆ, ದಪ್ಪ ಪೈಪ್ ಬೆವರುವುದಿಲ್ಲ. ಗಾಳಿ ಸಾಲದಿದ್ದರೆ ಇಡೀ ಕಾಯಿಲ್ ಸಮನಾಗಿ ಬೆಳ್ಳಗಾಗಿ, ಮಂಜು ದಪ್ಪ ಪೈಪಿನ ಮೇಲೆ ಹರಿದು ಹೊರಗಿನ ವಾಲ್ವ್‌ವರೆಗೂ ಬರುತ್ತದೆ. ಕಾಯಿಲಿಗೆ ಅಂಟಿಸಿರುವ ಸೆನ್ಸರ್ ಇದನ್ನು ಗ್ರಹಿಸಿ ಕಂಪ್ರೆಸರನ್ನು ನಿಲ್ಲಿಸುತ್ತದೆ. ಕರಗಿದ ಮಂಜೇ ನಿಮ್ಮ ಟೇಬಲ್ ಸಾ ಮೇಲಿನ ನೀರು. ಹೊಸದಾಗಿ ಗ್ಯಾಸ್ ತುಂಬಿಸಿದ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಯಂತ್ರ ನಿಂತದ್ದನ್ನು ನೋಡಿದರೆ, ಈಗ ಗ್ಯಾಸ್ ಹೆಚ್ಚಾಗಿ ಅತಿ ಒತ್ತಡದಿಂದ ಅದು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ ಎಂದು ತೋರುತ್ತದೆ.

ಉಳಿಬಾಚಿ, ರಾಯಚೂರು

ತಾವು ಎರಡನೆಯದಾಗಿ ಹೇಳಿದಂತೆಯೇ ಇದೆ ಸರ್. ಇಡೀ ಕಾಯಿಲ್ ಬಿಳಿ, ದಪ್ಪ ಪೈಪ್ ಹೊರಗಿನವರೆಗೂ ಬಿಳಿ. ಆದರೆ ಫಿಲ್ಟರ್ ನಿಜಕ್ಕೂ ಚೊಕ್ಕಟವಾಗಿದೆ. ಫ್ಯಾನನ್ನು ಮಾತ್ರ ಯಾವಾಗಲೂ ಅತಿ ಕಡಿಮೆ ವೇಗದಲ್ಲಿ ಇಡುತ್ತೇನೆ, ಇಲ್ಲವಾದರೆ ಸ್ಯಾಂಡಿಂಗ್ ಮಾಡುವಾಗ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪುಡಿ ಕೋಣೆಯ ತುಂಬ ಹಾರುತ್ತದೆ. ಮರದ ಪುಡಿ ಹೀರುವ ಡಸ್ಟ್ ಕಲೆಕ್ಟರ್ ಸದ್ದಿನಲ್ಲಿ ಎಸಿ ನಿಂತದ್ದೂ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಲೆಕ್ಕ ಪಕ್ಕಾ, ಬೆಂಗಳೂರು

ಡಸ್ಟ್ ಕಲೆಕ್ಟರ್! ಇಷ್ಟು ಚರ್ಚೆಯಾದ ಮೇಲೆ ಈಗ ಹೇಳುತ್ತಿದ್ದೀರಿ. ಅದು ಹೀರಿದ ಗಾಳಿಯನ್ನು ಎಲ್ಲಿಗೆ ಬಿಡುತ್ತದೆ?

ಉಳಿಬಾಚಿ, ರಾಯಚೂರು

ಗೋಡೆಯಲ್ಲಿ ತೂತು ಕೊರೆದು ಪೈಪ್ ಮೂಲಕ ಹೊರಗೆ, ಪಕ್ಕದ ಖಾಲಿ ಜಾಗಕ್ಕೆ ಬಿಟ್ಟಿದ್ದೇನೆ. 2 ಎಚ್‌ಪಿ ಯಂತ್ರ. ಅದಕ್ಕೂ ಎಸಿಗೂ ಏನು ಸಂಬಂಧ?

ಲೆಕ್ಕ ಪಕ್ಕಾ, ಬೆಂಗಳೂರು

ಪೂರ್ತಿ ಸಂಬಂಧ. ಪೈಪಿನ ತಿರುವುಗಳನ್ನೆಲ್ಲ ಕಳೆದು ಅದು ನಿಮಿಷಕ್ಕೆ 800 ಘನ ಅಡಿ ಗಾಳಿಯನ್ನು ಹೀರುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಕೋಣೆ 2,400 ಘನ ಅಡಿ ಇದ್ದರೆ, ಮೂರು ನಿಮಿಷಕ್ಕೊಮ್ಮೆ ತಂಪು ಮಾಡಿದ ಗಾಳಿಯೆಲ್ಲ ಹೊರಗೆ ಹೋಗಿ, ಬಾಗಿಲ ಸಂದಿಯಿಂದಲೂ ಶೀಟಿನ ಅಂಚಿನಿಂದಲೂ ಅಷ್ಟೇ ಬಿಸಿಗಾಳಿ ಒಳಗೆ ನುಗ್ಗುತ್ತದೆ. ಹೊರಗೆ 40 ಡಿಗ್ರಿ ಇದ್ದು ಒಳಗೆ 27 ಬೇಕೆಂದರೆ, ಆ ಗಾಳಿಯನ್ನಷ್ಟೇ ತಣಿಸಲು ಗಂಟೆಗೆ ಸುಮಾರು 20,000 ಬಿಟಿಯು (ಶಾಖದ ಅಳತೆ) ಬೇಕು. ಒಂದೂವರೆ ಟನ್ ಎಂದರೆ 18,000. ಶೀಟು, ಮೋಟಾರುಗಳು, ತಮ್ಮ ದೇಹದ ಶಾಖ ಯಾವುದನ್ನೂ ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಮಂಗಳೂರಿನವರು ಹೇಳುವ 2 ಟನ್ ಹಾಕಿದರೂ ಕಲೆಕ್ಟರ್ ಓಡುವಾಗ ಗೆಲ್ಲುವುದು ಕಷ್ಟ.

ಕರಾವಳಿ ಕೆತ್ತನೆ, ಮಂಗಳೂರು

ನನ್ನ ಕಲೆಕ್ಟರಿಗೆ ಮಡಿಕೆ ಕಾಗದದ ಫಿಲ್ಟರ್ ಇದೆ. ಗಾಳಿ ಸೋಸಿ ಕೋಣೆಯೊಳಗೇ ಮರಳುತ್ತದೆ. ಅದಕ್ಕೇ ನನ್ನಲ್ಲಿ ಈ ತೊಂದರೆ ಬಂದಿಲ್ಲ ಎಂದು ಈಗ ತಿಳಿಯಿತು. ಬಟ್ಟೆ ಚೀಲದ ಮಾದರಿಯಾದರೆ ಒಳಗೆ ತಿರುಗಿಸಬೇಡಿ, ಸಣ್ಣ ಪುಡಿಯೆಲ್ಲ ಚೀಲದಿಂದ ಜಿನುಗಿ ಮೊದಲು ಎದೆಗೆ, ಆಮೇಲೆ ಎಸಿಗೆ ಸೇರುತ್ತದೆ.

ಹಳೆಯ ಗೇಜು, ಮೈಸೂರು

ಎಸಿಯ ಜಾಲರಿ ಫಿಲ್ಟರ್ ಬಟ್ಟೆಯ ನೂಲು, ಕೂದಲನ್ನು ಹಿಡಿಯುತ್ತದೆ. ಎಂಡಿಎಫ್ ಪುಡಿ ಅದನ್ನು ದಾಟಿ ಹೋಗಿ ಒದ್ದೆ ಕಾಯಿಲಿಗೆ ಅಂಟಿ ಅಂಬಲಿಯಂತಾಗುತ್ತದೆ. ಹತ್ತು ದಿನ ಸರಿಯಿತ್ತು ಎಂದಿರಲ್ಲ, ಅಂಬಲಿ ಗಟ್ಟಿಯಾಗಲು ಹಿಡಿದ ಕಾಲ ಅದು. ಫಿಲ್ಟರಿನ ಹಿಂದಿನ ಕಾಯಿಲ್, ಬ್ಲೋವರ್ ಚಕ್ರದ ಎಲೆಗಳು, ನೀರಿನ ತಟ್ಟೆಯ ಬಾಯಿ ಮೂರನ್ನೂ ಬಿಚ್ಚಿ ತೊಳೆಸಿ. ಆಮೇಲೆ ಇರುವ ಗ್ಯಾಸನ್ನು ಖಾಲಿ ಸಿಲಿಂಡರಿಗೆ ಹಿಂದಕ್ಕೆ ತೆಗೆಸಿ, ವ್ಯಾಕ್ಯೂಮ್ 500 ಮೈಕ್ರಾನ್‌ಗಿಂತ (ಪೈಪಿನಲ್ಲಿ ಉಳಿದ ಗಾಳಿಯ ಒತ್ತಡದ ಅಳತೆ) ಕೆಳಗೆ ಹೋಗಿ ಪಂಪ್ ನಿಲ್ಲಿಸಿದ ಮೇಲೂ ಅಲ್ಲೇ ನಿಲ್ಲುವುದನ್ನು ನೋಡಿ, ಯಂತ್ರದ ಮೇಲಿನ ಮಾಹಿತಿ ಪಟ್ಟಿಯಲ್ಲಿ ಬರೆದಿರುವಷ್ಟನ್ನು ತೂಕ ಮಾಡಿ ಹಾಕಿಸಿ. ಹೆಚ್ಚುವರಿ ಪೈಪಿಗೆ ಎಷ್ಟು ಗ್ರಾಂ ಸೇರಿಸಬೇಕೆಂಬುದು ಕೈಪಿಡಿಯಲ್ಲಿ ಇರುತ್ತದೆ. ತೂಕದ ಯಂತ್ರವಿಲ್ಲದೆ ಬಂದವರನ್ನು ಒಳಗೆ ಬಿಡಬೇಡಿ.

ಉಳಿಬಾಚಿ, ರಾಯಚೂರು

ಎಂಟು ದಿನಗಳ ನಂತರ ಬರೆಯುತ್ತಿದ್ದೇನೆ. ಬ್ಲೋವರ್ ಚಕ್ರವನ್ನು ಹೊರತೆಗೆದಾಗ ಎಲೆಗಳ ನಡುವೆ ಬೆರಳು ತೂರುವಷ್ಟೂ ಸಂದಿ ಇರಲಿಲ್ಲ. ನೀರಿನ ತಟ್ಟೆಯ ಬಾಯಲ್ಲಿ ಬಿರಟೆಯಂತೆ ಒಂದು ಮುದ್ದೆ ಕುಳಿತಿತ್ತು. ಹಿಂದಕ್ಕೆ ತೆಗೆದ ಗ್ಯಾಸ್ ಪಟ್ಟಿಯಲ್ಲಿ ಬರೆದುದಕ್ಕಿಂತ 300 ಗ್ರಾಂ ಹೆಚ್ಚಿತ್ತು. ವ್ಯಾಕ್ಯೂಮ್ ಅರ್ಧ ಗಂಟೆ ಅಲುಗದೆ ನಿಂತಿತು, ಎಂದರೆ ಬೆಸುಗೆಯಾಗಲಿ ಫ್ಲೇರ್ ಆಗಲಿ ಎಲ್ಲಿಯೂ ಸೋರುತ್ತಿರಲಿಲ್ಲ. ಮೊದಲು ಹಾಕಿಕೊಟ್ಟವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದನ್ನು ಅರ್ಧದಷ್ಟು ಹಿಂತೆಗೆದುಕೊಳ್ಳುತ್ತೇನೆ. ಈಗ ಕೊರೆಯುವುದು, ಸ್ಯಾಂಡಿಂಗ್ ಎಲ್ಲವನ್ನೂ ಬೆಳಿಗ್ಗೆ ಹತ್ತರೊಳಗೆ ಎಸಿ ನಿಲ್ಲಿಸಿ, ಅದರ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿ, ಕಲೆಕ್ಟರ್ ಹಾಕಿಕೊಂಡು ಮುಗಿಸುತ್ತೇನೆ. ಮಧ್ಯಾಹ್ನ ಕಲೆಕ್ಟರ್ ನಿಲ್ಲಿಸಿ ಉಳಿ ಕೆಲಸ, ಜೋಡಣೆ ಮಾತ್ರ. ಫ್ಯಾನ್ ಪೂರ್ತಿ ವೇಗದಲ್ಲಿದೆ. ನಿನ್ನೆ ಹೊರಗೆ 42 ಇದ್ದಾಗ ಒಳಗೆ 28ಕ್ಕೆ ಬಂದಿತ್ತು. ಶೀಟಿನ ಕೆಳಗೆ ಥರ್ಮಾಕೋಲ್ ಹಾಕಿದರೆ ಬೆಂಕಿಯ ಭಯವಿದೆ ಎನ್ನುತ್ತಾರೆ. ರಾಕ್‌ವುಲ್ (ಕಲ್ಲಿನ ಉಣ್ಣೆ) ಹಾಕಿಸಿದವರು ಯಾರಾದರೂ ಇದ್ದರೆ 50 ಮಿಲಿಮೀಟರ್ ದಪ್ಪ ಸಾಕೇ ಎಂದು ತಿಳಿಸಬೇಕಾಗಿ ವಿನಂತಿ.

ತಂಪುಗಾಳಿ, ಹುಬ್ಬಳ್ಳಿ

ಸಂತೋಷ. ಆದರೂ ತಿಂಗಳು ಬಿಟ್ಟು ಒಮ್ಮೆ ಗ್ಯಾಸ್ ನೋಡಿಸಿಕೊಳ್ಳಿ.